ನಾನು ಏಳನೆಯ ತಲೆಮಾರಿನ ಕುಂಬಾರನಾದದ್ದು

ನಮ್ಮ ಮನೆಯ ಊಟದ ಮೇಜಿನ ಮೇಲೆ ಈಗ ಹನ್ನೊಂದು ಮಣ್ಣಿನ ಮಗ್ಗುಗಳಿವೆ. ಒಂದೂ ನೆಟ್ಟಗೆ ನಿಲ್ಲುವುದಿಲ್ಲ. ಒಂದು ಕಿಟಕಿಯ ಕಡೆ ವಾಲಿದೆ, ಇನ್ನೊಂದು ಟೀವಿಯ ಕಡೆ. ಮೂರನೆಯದಕ್ಕೆ ಹಿಡಿ ಇದೆ, ಆದರೆ ಅದರೊಳಗೆ ಬೆರಳು ತೂರುವುದಿಲ್ಲ. ಬೆಳಗಿನ ಕಾಫಿಯನ್ನು ಇವುಗಳಲ್ಲೇ ಕುಡಿಯಬೇಕೆಂಬುದು ಮನೆಯ ಹೊಸ ಕಾನೂನು. ನನ್ನ ಹೆಂಡತಿ ಸುಮಾ ಸ್ಟೀಲ್ ಲೋಟಗಳನ್ನೆಲ್ಲ ಕಟ್ಟಿ ಮೇಲಿಟ್ಟುಬಿಟ್ಟಿದ್ದಾಳೆ. ಕಾಫಿ ಆರುವ ಮೊದಲು ಕುಡಿಯಲು ನಾನು ಮಗ್ಗನ್ನು ಎರಡೂ ಕೈಯಲ್ಲಿ ಹಿಡಿದು, ಅದು ಯಾವ ಕಡೆಯಿಂದ ಸೋರುತ್ತದೆ ಎಂದು ನೋಡಿಕೊಂಡು, ಇನ್ನೊಂದು ಕಡೆಯಿಂದ ಬಾಯಿಡುತ್ತೇನೆ.

ಈ ಮಗ್ಗುಗಳ ಕರ್ತೃ ನನ್ನ ಮಗಳು ಸಿಂಧು. ನೋಯ್ಡಾದಲ್ಲಿ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಗೆ ಎರಡು ಮೆಟ್ರೋ ಸ್ಟೇಷನ್ ಆಚೆ ಇರುವ ಸಾಫ್ಟ್‌ವೇರ್ ಕಂಪನಿಯಲ್ಲಿ ಅವಳಿಗೆ ಕೆಲಸ. ವಾರದ ಐದು ದಿನ ಲ್ಯಾಪ್‌ಟಾಪಿನ ಮುಂದೆ ಕೂತು ಕುತ್ತಿಗೆ ಹಿಡಿಸಿಕೊಂಡು, ಆರನೆಯ ದಿನ ಆ ಕುತ್ತಿಗೆಯ ಶಾಂತಿಗಾಗಿ ಪಾಟರಿ ಸ್ಟುಡಿಯೋಗೆ ಹೋಗುತ್ತಾಳೆ. ಮೊದಲ ಮಗ್ಗು ಮನೆಗೆ ಬಂದ ದಿನ ನಾನು ಬಾಯಿ ತಪ್ಪಿ, "ಯಾಕಮ್ಮಾ ಸೊಟ್ಟಗಿದೆ?" ಎಂದು ಕೇಳಿದ್ದೆ.

"ಸೊಟ್ಟ ಅಲ್ಲ ಅಪ್ಪಾ. ಆರ್ಗ್ಯಾನಿಕ್ ಫಾರ್ಮ್ ಅಂತಾರೆ ಅದಕ್ಕೆ," ಎಂದಳು.

ಇಂಥ ಪಾತ್ರೆ ನಮ್ಮ ತಾತನ ಕೈಯಿಂದ ಹೊರಟಿದ್ದರೆ ಆತ ಯಾರೂ ನೋಡುವ ಮೊದಲೇ ಅದನ್ನು ಹಿಚುಕಿ ಮಣ್ಣಿನ ಗುಡ್ಡೆಗೆ ಸೇರಿಸುತ್ತಿದ್ದ. ಪಾಪ, ಆತನಿಗೆ ಇಂಗ್ಲಿಷು ಬರುತ್ತಿರಲಿಲ್ಲ.

ಹೌದು, ನಾವು ಕುಂಬಾರರು. ತುಮಕೂರಿನ ಕಡೆಯವರು. ಈಗ ಎಷ್ಟು ಸಲೀಸಾಗಿ ಬರೆದುಬಿಟ್ಟೆ ನೋಡಿ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಇಡೀ ನೌಕರಿ ಮುಗಿಸಿ ನಿವೃತ್ತನಾಗುವವರೆಗೆ ಈ ಮೂರಕ್ಷರ ನನ್ನ ಬಾಯಿಂದ ಹೊರಬಿದ್ದಿರಲಿಲ್ಲ. ಸಹೋದ್ಯೋಗಿಗಳು ಊರು, ಮನೆತನ ಎಂದೆಲ್ಲ ವಿಚಾರಿಸಿದರೆ, "ನಮ್ಮದು ಮ್ಯಾನುಫ್ಯಾಕ್ಚರಿಂಗ್ ಫ್ಯಾಮಿಲಿ" ಎನ್ನುತ್ತಿದ್ದೆ. ಏನು ತಯಾರಿಸುತ್ತಿದ್ದರು ಎಂದು ಕೇಳುವಷ್ಟು ಕುತೂಹಲ ಸರ್ಕಾರಿ ಕಚೇರಿಗಳಲ್ಲಿ ಇರುವುದಿಲ್ಲವಾದ್ದರಿಂದ ಬಚಾವಾದೆ.

ಈ ವಿದ್ಯೆ ನನಗೆ ಅಪ್ಪನಿಂದ ಬಂದದ್ದು. ಅಪ್ಪ ದೆಹಲಿಗೆ ಗುಮಾಸ್ತರಾಗಿ ಬಂದರು. ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಾನು ಬೆಳೆದೆ. ಅಕ್ಕಪಕ್ಕದ ಕನ್ನಡದವರಲ್ಲಿ ಒಬ್ಬರಿಗೆ ತೆಂಗಿನ ತೋಟ, ಇನ್ನೊಬ್ಬರಿಗೆ ಅಗ್ರಹಾರದ ಮನೆ. ಅಪ್ಪ ಮಾತ್ರ "ಊರಲ್ಲಿ ಸ್ವಲ್ಪ ಬಿಸಿನೆಸ್ ಇತ್ತು" ಎಂದು ಹೇಳಿ ಮಾತನ್ನು ಹವಾಮಾನದ ಕಡೆ ತಿರುಗಿಸುತ್ತಿದ್ದರು. ದೆಹಲಿಯ ಹವಾಮಾನ ಅದಕ್ಕೆ ಸದಾ ಸಹಕರಿಸುತ್ತಿತ್ತು.

ಆದರೆ ಕೈ ಸುಮ್ಮನಿರಬೇಕಲ್ಲ. ಒಂದು ಬೇಸಿಗೆಯಲ್ಲಿ ನೀರಿನ ಮಡಕೆ ಕೊಳ್ಳಲು ಅಪ್ಪ ನನ್ನನ್ನು ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು. ರಸ್ತೆ ಬದಿಯಲ್ಲಿ ಒಬ್ಬ ಮುದುಕಿ ಮಡಕೆಗಳನ್ನು ಜೋಡಿಸಿಕೊಂಡು ಕೂತಿದ್ದಳು. ಬೇರೆ ಗಿರಾಕಿಗಳು ಬಣ್ಣ ನೋಡಿ ಆರಿಸುತ್ತಿದ್ದರು. ಅಪ್ಪ ಒಂದೊಂದನ್ನೂ ಅಂಗೈ ಮೇಲೆ ಕೂರಿಸಿ, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಹತ್ತಿರ ತಂದು ಕೇಳಿ, ತಳದಲ್ಲಿ ಹೆಬ್ಬೆರಳು ಆಡಿಸಿ ಕೆಳಗಿಡುತ್ತಿದ್ದರು. ಮುದುಕಿ ಅವರ ಕೈಯನ್ನೇ ನೋಡುತ್ತಿದ್ದವಳು, "ಬಾಬೂಜಿ, ಆಪ್ ಭೀ ಕುಮ್ಹಾರ್ ಹೋ ಕ್ಯಾ?" ಎಂದು ಕೇಳಿದಳು. ನೀವೂ ಕುಂಬಾರರೇ ಏನು ಅಂತ. ಕೇಳಿದ್ದು ಪ್ರೀತಿಯಿಂದಲೇ. ಅಪ್ಪ "ನಹೀ, ನಹೀ" ಎಂದು ಎರಡು ಸಲ ಹೇಳಿ, ಮಡಕೆ ಕೊಳ್ಳದೆ ನನ್ನ ಕೈ ಹಿಡಿದು ಸರಸರನೆ ನಡೆದುಬಿಟ್ಟರು. ಆ ಬೇಸಿಗೆ ನಾವು ಪಕ್ಕದ ಮನೆಯ ಫ್ರಿಜ್ಜಿನ ನೀರು ಕುಡಿದೆವು.

ಇಂಥ ಮನೆತನದ ಗುಟ್ಟನ್ನು ಸಿಂಧು ಒಂದು ಶನಿವಾರ ಸ್ಟುಡಿಯೋದಲ್ಲಿ ಬಿಚ್ಚಿಬಿಟ್ಟಳು. ಅಲ್ಲಿ ಪಾಠ ಶುರುವಾಗುವ ಮುಂಚೆ ಎಲ್ಲರೂ ವೃತ್ತಾಕಾರವಾಗಿ ಕೂತು ತಮಗೂ ಮಣ್ಣಿಗೂ ಏನು ಸಂಬಂಧ ಎಂದು ಹೇಳಿಕೊಳ್ಳುವ ಪದ್ಧತಿಯಂತೆ. ಒಬ್ಬ ಹುಡುಗಿ ಬಾಲ್ಯದಲ್ಲಿ ಮಣ್ಣು ತಿಂದದ್ದನ್ನು ನೆನೆದು ಕಣ್ಣೀರು ಹಾಕಿದಳಂತೆ. ಸಿಂಧು ತನ್ನ ಸರದಿ ಬಂದಾಗ, "ನನ್ನ ಮುತ್ತಾತ ಕುಂಬಾರ" ಎಂದಳು. ಅಲ್ಲಿ ನಿಶ್ಶಬ್ದವಾಯಿತಂತೆ. ಅಪ್ಪ ಜೀವಮಾನವಿಡೀ ಹೆದರಿದ್ದ ನಿಶ್ಶಬ್ದವಲ್ಲ. ದೇವಸ್ಥಾನದಲ್ಲಿ ಮಂಗಳಾರತಿಗೆ ಮುಂಚೆ ಪರದೆ ಎಳೆದಾಗ ಆಗುತ್ತದಲ್ಲ, ಅದು.

ಮರುದಿನವೇ ಸ್ಟುಡಿಯೋದ ಒಡತಿ ನನಗೆ ಫೋನ್ ಮಾಡಿದರು. ಅವರನ್ನು ಎಲ್ಲರೂ ರಿಯಾ ಮ್ಯಾಮ್ ಎನ್ನುತ್ತಾರೆ. ವಿದೇಶದಲ್ಲಿ ಕಲಿತು ಬಂದವರು. ಮುಂದಿನ ತಿಂಗಳು ಸ್ಟುಡಿಯೋದ ವಾರ್ಷಿಕೋತ್ಸವ, ನೀವು ಬಂದು ನಿಮ್ಮ ಪರಂಪರೆಯ ಬಗ್ಗೆ ಮಾತಾಡಬೇಕು ಎಂದರು. ನಿವೃತ್ತಿಯಾದ ಮೇಲೆ ನನಗೆ ಫೋನ್ ಮಾಡುವವರು ಸಾಲ ಕೊಡುತ್ತೇನೆನ್ನುವ ಹುಡುಗಿಯರು ಮಾತ್ರ. ನಾನು ಕರಗಿಹೋದೆ.

"ನೀವು ಎಷ್ಟನೇ ತಲೆಮಾರು ಸರ್?" ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು.

"ನಾಲ್ಕು ಇರಬಹುದು," ಎಂದೆ. ಸ್ವಲ್ಪ ಹೊತ್ತು ಬಿಟ್ಟು, "ಐದೂ ಇರಬಹುದು," ಎಂದೆ.

ಎರಡು ದಿನದಲ್ಲಿ ಮೊಬೈಲಿಗೆ ಬಂದ ಪೋಸ್ಟರಿನಲ್ಲಿ ಏಳು ಎಂದಿತ್ತು. "ಏಳನೆಯ ತಲೆಮಾರಿನ ಕುಂಬಾರ ಶ್ರೀ ಮಂಜುನಾಥ್ ಅವರೊಂದಿಗೆ ಒಂದು ಬೆಳಗು." ತಿದ್ದಿಸಬಹುದಿತ್ತು. ಆದರೆ ಒಮ್ಮೆ ಅಚ್ಚಾದದ್ದಕ್ಕೆ ತಿದ್ದುಪಡಿ ಆದೇಶ ಹೊರಡಬೇಕು, ಅದಕ್ಕೊಂದು ಸಕ್ಷಮ ಪ್ರಾಧಿಕಾರ ಬೇಕು, ಇವೆಲ್ಲ ನನ್ನ ನೌಕರಿಯ ಸಂಸ್ಕಾರ. ಸುಮ್ಮನಾದೆ. ಸುಮ್ಮನಾದದ್ದಷ್ಟೇ ಅಲ್ಲ, ಅದನ್ನು ಸೊಸೈಟಿಯ ವಾಟ್ಸಾಪ್ ಗುಂಪಿಗೂ ಹಾಕಿದೆ. ನೀರಿನ ಟ್ಯಾಂಕಿನ ವಿಷಯದಲ್ಲಿ ನನ್ನೊಡನೆ ಮಾತು ಬಿಟ್ಟಿದ್ದ ಸೆಕ್ರೆಟರಿ ಗುಪ್ತಾಜಿ ಕೂಡ ಕೈಮುಗಿದ ಚಿತ್ರ ಕಳಿಸಿದರು. ಭಾಷಣಕ್ಕೆಂದು ಖಾದಿ ಕುರ್ತಾ ಹೊಲಿಸಿದೆ. ಸುಮಾ ಅದಕ್ಕೆ ಇಸ್ತ್ರಿ ಹಾಕುತ್ತ, "ತಿಗುರಿ ಮುಂದೆ ಕೂತವರು ಯಾರಾದರೂ ಬಿಳಿ ಬಟ್ಟೆ ಹಾಕಿದ್ದು ನೋಡಿದ್ದೀರೇನ್ರೀ?" ಎಂದಳು. ತಿಗುರಿ ಎಂದರೆ ಕುಂಬಾರರ ಚಕ್ರ. ನಾನು ಅದರ ಮುಂದೆ ಯಾರನ್ನಾದರೂ ನೋಡಿದ್ದರಲ್ಲವೇ ಉತ್ತರ ಕೊಡುವುದು.

ಅದೇ ನಿಜವಾದ ತೊಂದರೆಯಾಗಿತ್ತು. ಏಳು ತಲೆಮಾರಿನ ಭಾಷಣಕ್ಕೆ ನನ್ನ ಹತ್ತಿರ ಏಳು ವಾಕ್ಯವೂ ಇರಲಿಲ್ಲ. ತಾತ ತೀರಿಕೊಂಡಾಗ ನನಗೆ ಐದು ವರ್ಷ. ಹಾಗಾಗಿ ಜನಕಪುರಿಗೆ ಹೋದೆ, ಗೌರತ್ತೆಯನ್ನು ನೋಡಲು.

ಗೌರತ್ತೆ ನನ್ನ ಅಪ್ಪನ ತಂಗಿ. ವಯಸ್ಸು ಎಪ್ಪತ್ತನಾಲ್ಕು. ಮಗಳು ಲತಾಗೆ ದೆಹಲಿಯಲ್ಲಿ ಕೆಲಸವಾದ ಮೇಲೆ ಅವಳ ಜೊತೆ ಜನಕಪುರಿಗೆ ಬಂದವರು. ಹಿಂದಿ ಬರುವುದಿಲ್ಲ. ಆದರೂ ಅಲ್ಲಿಂದ ಕೂಗಳತೆ ದೂರದಲ್ಲಿರುವ ಉತ್ತಮ್ ನಗರದ ಕುಂಬಾರರ ಓಣಿಗೆ ವಾರಕ್ಕೊಮ್ಮೆಯಾದರೂ ಹೋಗಿ, ಅಲ್ಲಿನ ಹೆಂಗಸರ ಜೊತೆ ಕೂತು ಬರುತ್ತಾರೆ ಎಂದು ಲತಾ ಹೇಳುತ್ತಿದ್ದಳು. ಯಾವ ಭಾಷೆಯಲ್ಲಿ ಮಾತಾಡುತ್ತಾರೋ ಅವಳಿಗೂ ತಿಳಿಯದು.

ನಾನು ಹೋದಾಗ ಅತ್ತೆ ಹುರುಳಿಕಾಯಿ ನಾರು ತೆಗೆಯುತ್ತಿದ್ದರು.

"ಅತ್ತೆ, ತಾತನ ಕಾಲದ ನಾಲ್ಕು ಮಾತು ಹೇಳಿ. ನಾನೊಂದು ಕಡೆ ಭಾಷಣ ಮಾಡಬೇಕು."

"ಭಾಷಣನಾ? ಮಡಕೆ ಮೇಲಾ?" ಎಂದರು. ಪೋಸ್ಟರನ್ನು ಓದಿ ಹೇಳಿದೆ. "ಏಳಾ? ನಂಗೆ ಮೂರೇ ಗೊತ್ತಿರೋದು. ಅದ್ರಲ್ಲೂ ಮೂರನೆಯವನು ನಿಮ್ಮಪ್ಪ, ಓಡಿಬಂದ. ಉಳಿದವರು ಎಲ್ಲಿ ಸಿಕ್ಕಿದ್ರು ನಿಂಗೆ?"

ನಾನು ನಕ್ಕು ಮಾತು ಹಾರಿಸಿದೆ. ಆಗಲೇ ನನಗೊಂದು ಉಪಾಯ ಹೊಳೆಯಿತು. ವೇದಿಕೆಯ ಹತ್ತಿರ ಹಳೆಯ ಕಾಲದ ಒಬ್ಬ ಹೆಂಗಸು, ಹಣೆಗೆ ಕಾಸಿನಗಲ ಕುಂಕುಮ ಇಟ್ಟುಕೊಂಡು ಕೂತಿದ್ದರೆ ನನ್ನ ಭಾಷಣಕ್ಕೆ ಒಂದು ತೂಕ ಬರುತ್ತದೆ.

"ಅತ್ತೆ, ನೀವೂ ಬನ್ನಿ. ಏನೂ ಮಾತಾಡಬೇಕಾಗಿಲ್ಲ, ಸುಮ್ಮನೆ ಕೂತಿದ್ದರೆ ಸಾಕು."

"ಸುಮ್ನೆ ಕೂರೋದು ತಾನೆ," ಎಂದರು ಅತ್ತೆ, ಇನ್ನೊಂದು ಹುರುಳಿಕಾಯಿ ಮುರಿದು. "ಅಭ್ಯಾಸ ಇದೆ. ಬರ್ತೀನಿ."

ವಾರ್ಷಿಕೋತ್ಸವದ ಶನಿವಾರ ಬೆಳಿಗ್ಗೆ ಸ್ಟುಡಿಯೋ ತುಂಬಿತ್ತು. ಎಲ್ಲರೂ ಬೂದಿ ಬಣ್ಣದ ಏಪ್ರನ್ ಕಟ್ಟಿದ ಯುವಕ ಯುವತಿಯರು. ಮೂಲೆಯಲ್ಲಿ ಒಂದು ಪುಟ್ಟ ಕಾರಂಜಿ, ಅದರ ಸುತ್ತ ನುಣ್ಣನೆಯ ಗುಂಡುಕಲ್ಲುಗಳು, ಮನಸ್ಸಿನ ನೆಮ್ಮದಿಗಾಗಿ. ಸಾಲಾಗಿ ಎಂಟು ವಿದ್ಯುತ್ ಚಕ್ರಗಳು. ಅತ್ತೆ ಮುಂದಿನ ಸಾಲಿನಲ್ಲಿ ಕೂತು ಆ ಚಕ್ರಗಳನ್ನೇ ನೋಡುತ್ತಿದ್ದರು.

ನಾನು ಮಾತಾಡಿದೆ. ಹೇಗೆ ಮಾತಾಡಿದೆ ಎಂದು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಮಣ್ಣು ನಮ್ಮ ರಕ್ತದಲ್ಲಿದೆ ಎಂದೆ. ತಾತ ತಿಗುರಿಯ ಮುಂದೆ ಕೂತರೆ ಹಕ್ಕಿಗಳೂ ಸುಮ್ಮನಾಗುತ್ತಿದ್ದವು ಎಂದೆ. ಆ ಹಕ್ಕಿಗಳು ಎಲ್ಲಿಂದ ಬಂದವೋ ನನಗೂ ಆಶ್ಚರ್ಯ. ಒಬ್ಬ ಹುಡುಗ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ಚಪ್ಪಾಳೆ ಮುಗಿಯುತ್ತಿದ್ದಂತೆ ಅವನೇ ಎದ್ದು, "ಸರ್, ಒಂದು ಡೆಮೋ ಪ್ಲೀಸ್," ಎಂದ.

"ಈಗ ಬೆನ್ನುನೋವು," ಎಂದೆ. ರಿಯಾ ಮ್ಯಾಮ್ ಕೂಡಲೇ ಬೆನ್ನಿಗೆ ಆಧಾರವಿರುವ ಎತ್ತರದ ಸ್ಟೂಲು ತರಿಸಿದರು. ಕೂರದೆ ವಿಧಿಯಿರಲಿಲ್ಲ. ಚಕ್ರದ ಮೇಲೆ ಮಣ್ಣಿನ ಉಂಡೆ ಇಟ್ಟೆ. ಕಾಲಬುಡದ ಪೆಡಲ್ ಒತ್ತಿದೆ. ಮುಂದಿನದು ಬಹಳ ಬೇಗ ನಡೆಯಿತು. ಉಂಡೆ ಒಂದು ಸುತ್ತು ಬಂದು, ಎರಡನೆಯ ಸುತ್ತಿಗೆ ನನ್ನನ್ನು ಬಿಟ್ಟು ಹೊರಟು, ಬರೆದುಕೊಳ್ಳುತ್ತಿದ್ದ ಹುಡುಗನ ಪುಸ್ತಕದ ಮೇಲೆ ಕೂತಿತು. ಉಳಿದದ್ದು ನನ್ನ ಕುರ್ತಾದ ಮೇಲಿತ್ತು. ಯಾರೂ ನಗಲಿಲ್ಲ. ಇದೂ ಪರಂಪರೆಯ ಒಂದು ವಿಧಾನವಿರಬಹುದೆಂದು ಅವರು ಕಾಯುತ್ತಿದ್ದರು.

"ಅವನಿಗೆ ಬರಲ್ಲ," ಎಂದರು ಗೌರತ್ತೆ.

ಕನ್ನಡದಲ್ಲಿ ಹೇಳಿದ್ದರಿಂದ ಬಚಾವು ಎಂದುಕೊಂಡೆ. ಆದರೆ ರಿಯಾ ಮ್ಯಾಮ್, "ಅವರು ಏನಂದರು?" ಎಂದು ಸಿಂಧುವನ್ನು ಕೇಳಿದರು. ನನ್ನ ಮಗಳು ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ಪ್ರಾಮಾಣಿಕವಾಗಿ ಅನುವಾದಿಸಿದಳು. ಹಾಗಾದರೆ ಯಾರಿಗೆ ಬರುತ್ತದೆ ಎಂದು ರಿಯಾ ಮ್ಯಾಮ್ ಅತ್ತೆಯನ್ನೇ ಕೇಳಿದರು.

"ನಂಗೂ ಬರಲ್ಲಮ್ಮ," ಎಂದರು ಅತ್ತೆ. "ನಮ್ಮಲ್ಲಿ ಹೆಣ್ಣುಮಕ್ಕಳು ತಿಗುರಿ ಮುಟ್ಟೋ ಹಾಗಿರಲಿಲ್ಲ. ಮಣ್ಣು ಹೊತ್ತು ತರೋರು ನಾವು, ತುಳಿಯೋರು ನಾವು. ಅವರು ತಿಗುರಿಯಿಂದ ಎತ್ತಿದ್ದು ದಪ್ಪಗೆ, ತಳ ಇಲ್ಲದೆ ಇರ್ತಿತ್ತು. ಒಳಗೆ ಕಲ್ಲು ಹಿಡಿದು, ಹೊರಗೆ ಹಲಗೆಯಿಂದ ಬಡಿದು ಬಡಿದು ಹೊಟ್ಟೆ ಬರಿಸಿ, ತಳ ಮುಚ್ಚೋರು ನಾವು. ಒಣಗಿಸೋರು, ಸುಡೋಕೆ ಜೋಡಿಸೋರು ನಾವು. ಸಂತೆಯಲ್ಲಿ ಮಾತ್ರ ನಮ್ಮಪ್ಪನ ಮಡಕೆ ಅಂತ ಹೆಸರು."

ಸಿಂಧು ತಡವರಿಸುತ್ತ ಹಿಂದಿ ಇಂಗ್ಲಿಷು ಬೆರೆಸಿ ಹೇಳುತ್ತ ಹೋದಳು. ನಡುವೆ, "ಅಜ್ಜಿ, ತುಳಿಯೋದು ಅಂದ್ರೆ ಏನು?" ಎಂದು ಕೇಳಿದಳು. ಅತ್ತೆ ಸೀರೆ ಒಂದು ಗೇಣು ಎತ್ತಿ, ಕಾಲಲ್ಲಿ ಮಾಡಿ ತೋರಿಸಿದರು.

"ಒಂದ್ಸಲ ಮುಟ್ಟಿದ್ದೆ," ಎಂದರು ಆಮೇಲೆ. ಅವರ ದನಿ ಸಣ್ಣದಾಗಿತ್ತು. "ಹನ್ನೊಂದು ವರ್ಷ ಆಗ. ಎಲ್ಲ ಸಂತೆಗೆ ಹೋಗಿದ್ರು. ಕೋಲು ಹಾಕಿ ತಿರುಗಿಸ್ದೆ. ಮಣ್ಣು ಇಟ್ಟೆ. ಕೈಯಲ್ಲಿ ಅದು ಏಳ್ತಾ ಇತ್ತು, ನಿಜವಾಗಲೂ ಏಳ್ತಾ ಇತ್ತು. ಅಪ್ಪ ಹೊರೆ ಕೆಳಗೆ ತಲೆ ಮೇಲಿಡೋ ಸಿಂಬಿ ಮರೆತಿದ್ದ, ತಗೊಂಡು ಹೋಗೋಕೆ ವಾಪಸ್ ಬಂದ. ಹೊಡೀಲಿಲ್ಲ, ಬೈಲೂ ಇಲ್ಲ. ಬಾವಿಯಿಂದ ನೀರು ಸೇದಿ ತಿಗುರಿ ತೊಳೆದ. ಕರ್ಪೂರ ಹಚ್ಚಿದ. ನಾನು ಮುಟ್ಟಿದ್ದಕ್ಕೆ. ಆ ನೀರು ಅಂಗಳದಲ್ಲಿ ಹರಿದುಹೋಗೋದನ್ನ ನೋಡ್ತಾ ನಿಂತಿದ್ದೆ. ಹೊಡೆದಿದ್ರೆ ಚೆನ್ನಾಗಿರ್ತಿತ್ತು."

ಅನುವಾದ ನಿಂತುಹೋಗಿತ್ತು. ಸಿಂಧು ಮೂಗು ಒರೆಸಿಕೊಳ್ಳುತ್ತಿದ್ದಳು. ಅತ್ತೆ ನನ್ನ ಕಡೆ ಕೈ ತೋರಿಸಿದರು.

"ಇವನಪ್ಪನಿಗೆ ತಿಗುರಿ ಕೊಟ್ರು. ಅವನಿಗೆ ಬೇಡವಾಗಿತ್ತು. ದೆಹಲಿಗೆ ಬಂದ. ತಪ್ಪು ಅಂತ ನಾನು ಅನ್ನಲ್ಲ, ಊರಲ್ಲಿ ನಮ್ಮನ್ನ ಯಾರು ಒಳಗೆ ಕರೀತಿದ್ರು? ಅಪ್ಪ ಸತ್ತಮೇಲೆ ಅದನ್ನ ಕೊಟ್ಟಿಗೆ ಗೋಡೆಗೆ ಒರಗಿಸಿಟ್ರು. ನನಗಾದ್ರೂ ಕೊಡಿ ಅಂತ ಬಾಯಿಬಿಟ್ಟು ಕೇಳ್ದೆ. ಗೆದ್ದಲು ತಿಂತು. ಗೆದ್ದಲಿಗೆ ಕೊಟ್ರು, ನನಗೆ ಕೊಡಲಿಲ್ಲ."

ನಾನು ಸ್ಟೂಲಿನಿಂದ ಇಳಿದೆ. ಇಳಿದು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕಾರಂಜಿಯ ಪಕ್ಕ ನಿಂತೆ. ಏಳನೆಯ ತಲೆಮಾರಿನವನಿಗೆ ಆ ಕ್ಷಣದಲ್ಲಿ ಅಷ್ಟು ಕೆಲಸ ಸಾಕಾಗಿತ್ತು.

ಸಿಂಧು ಅತ್ತೆಯ ಬಳಿ ಹೋಗಿ, ಚಿಕ್ಕಂದಿನಲ್ಲಿ ಕನ್ನಡ ಮಾತಾಡು ಎಂದು ನಾವು ಗದರಿಸಿದರೂ ಆಡದಿದ್ದವಳು, ತಪ್ಪಿಲ್ಲದ ಕನ್ನಡದಲ್ಲಿ, "ಅಜ್ಜಿ, ಬನ್ನಿ, ಕೂತ್ಕೊಳ್ಳಿ. ಇಲ್ಲಿ ಯಾರೂ ತೊಳೆಯಲ್ಲ," ಎಂದಳು.

ಅತ್ತೆ ಬೇಡವೆನ್ನಲಿಲ್ಲ. ಚಪ್ಪಲಿ ಬಿಟ್ಟರು. ಚಕ್ರದ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಕೂತು ಪೆಡಲ್ ಒತ್ತಿದರು. ನೀವು ಈಗ ಒಂದು ಚಂದದ ಮಡಕೆ ಮೇಲೇಳುವುದನ್ನು ಕಾಯುತ್ತಿದ್ದೀರಿ. ನಾನೂ ಕಾಯುತ್ತಿದ್ದೆ. ಮಣ್ಣು ಎರಡು ಬೆರಳು ಎತ್ತರ ಎದ್ದು, ನಡುಗಿ, ಒಂದು ಕಡೆಗೆ ಬಾಗಿ, ಕುಸಿದು ಕೂತಿತು. ಅತ್ತೆ ಮತ್ತೆ ಪ್ರಯತ್ನಿಸಿದರು. ಮತ್ತೆ ಕುಸಿಯಿತು. ರಿಯಾ ಮ್ಯಾಮ್ ಮೆಲ್ಲಗೆ ಚಪ್ಪಾಳೆ ತಟ್ಟಿ, "ಬ್ಯೂಟಿಫುಲ್," ಎಂದರು.

"ಏನಂತಾಳೆ?" ಎಂದರು ಅತ್ತೆ.

"ಚೆನ್ನಾಗಿದೆ ಅಂತ," ಎಂದಳು ಸಿಂಧು.

"ಕಣ್ಣು ಸರಿಯಿಲ್ವಾ ಪಾಪ," ಎಂದು ಅತ್ತೆ ಕುಸಿದ ಮಣ್ಣನ್ನು ಕಿತ್ತು ಕೈಗೆ ತೆಗೆದುಕೊಂಡರು. ಸುತ್ತ ನೋಡಿದರು. ಎದ್ದು ನನ್ನ ಪಕ್ಕಕ್ಕೆ ಬಂದು, ಮನಸ್ಸಿನ ನೆಮ್ಮದಿಯ ಕಾರಂಜಿಯಿಂದ ಒಂದು ಗುಂಡುಕಲ್ಲು ಎತ್ತಿಕೊಂಡರು. ಮೇಜಿನ ಮೇಲಿದ್ದ ಮರದ ಪಟ್ಟಿಯೊಂದನ್ನು ತೆಗೆದುಕೊಂಡರು. ನೆಲದ ಮೇಲೆ ಕೂತು, ಹಿಚುಕಿದ ಮಣ್ಣಿಗೆ ನಡುವೆ ತೂತು ಮಾಡಿ, ಒಳಗೆ ಕಲ್ಲು ಕೊಟ್ಟು, ಹೊರಗಿನಿಂದ ಬಡಿಯಲು ಶುರು ಮಾಡಿದರು. ಟಪ್, ಟಪ್, ಟಪ್. ಒಂದೇ ಲಯ, ಎಲ್ಲೂ ತಪ್ಪಲಿಲ್ಲ. ಮಡಿಲಲ್ಲಿ ಅದು ತಿರುಗುತ್ತ ತಿರುಗುತ್ತ ಹೊಟ್ಟೆ ಬರಿಸಿಕೊಂಡಿತು, ತೆಳುವಾಯಿತು, ತಳ ಮುಚ್ಚಿತು. ಕೊನೆಗೆ ಅಂಗೈ ಮೇಲೆ ಎತ್ತಿ ಹಿಡಿದಾಗ ಅದೊಂದು ಪುಟ್ಟ ಗಡಿಗೆ. ಎಲ್ಲೂ ವಾಲಿರಲಿಲ್ಲ.

ರಿಯಾ ಮ್ಯಾಮ್ ಅಲ್ಲೇ ಅತ್ತೆಯನ್ನು ಗುರುವಾಗಿ ಬರಬೇಕೆಂದು ಕೇಳಿಕೊಂಡರು. ಪರಂಪರೆಯ ಮಹಾಗುರು ಎಂದೋ ಏನೋ ಒಂದು ಬಿರುದೂ ತಯಾರಾಗಿತ್ತು. ಅತ್ತೆ ಅದನ್ನೆಲ್ಲ ಕೇಳಿಸಿಕೊಂಡು ಸಿಂಧುವಿಗೆ, "ಬಡಿಯೋದು ಹೇಳಿಕೊಡ್ತೀನಿ. ಆದ್ರೆ ನಾನು ಬರೋದು ತಿಗುರಿ ಕಲಿಯೋಕೆ. ಯಾವ ಸಾಲಲ್ಲಿ ಕೂರಬೇಕು ಕೇಳು," ಎಂದರು.

ಹೀಗೆ ಗೌರತ್ತೆ ಪಾಟರಿ ಸ್ಟುಡಿಯೋದ ಹೊಸಬರ ತಂಡ ಸೇರಿದರು. ನಾನು ಅವರ ಬೆಂಗಾವಲಿನವನಾದೆ. ಪ್ರತಿ ಶನಿವಾರ ಜನಕಪುರಿಗೆ ಹೋಗಿ, ಅತ್ತೆಯನ್ನು ಮೆಟ್ರೋದಲ್ಲಿ ಕೂರಿಸಿಕೊಂಡು, ಊರಿಡೀ ಅಡ್ಡಹಾಯ್ದು ನೋಯ್ಡಾಕ್ಕೆ ಕರೆತರುವುದು, ಸಂಜೆ ವಾಪಸು ಬಿಡುವುದು. ದಾರಿಯಲ್ಲಿ ಅತ್ತೆ ಮುಚ್ಚಿದ ಕಣ್ಣಲ್ಲೇ ಮಡಿಲ ಮೇಲೆ ಎರಡೂ ಕೈ ಇಟ್ಟು, ಇಲ್ಲದ ಮಣ್ಣನ್ನು ನಡುಮಧ್ಯಕ್ಕೆ ತರುತ್ತ ಕೂತಿರುತ್ತಿದ್ದರು. ಎದುರಿನ ಸೀಟಿನವರು ಯೋಗ ಎಂದುಕೊಳ್ಳುತ್ತಿದ್ದರು.

ಒಂಬತ್ತನೆಯ ಶನಿವಾರ ಚಕ್ರದ ಮೇಲೆ ಒಂದು ಕುಡಿಕೆ ನಿಂತಿತು. ಹುಡುಗರೆಲ್ಲ ಫೋಟೋ ತೆಗೆದರು. ಅತ್ತೆ ದಾರ ಎಳೆದು ಅದನ್ನು ಬಿಡಿಸಿ, ನಡುವೆ ಕತ್ತರಿಸಿ ದಪ್ಪ ನೋಡಿ, "ಗೋಡೆ ಸಮ ಇಲ್ಲ," ಎಂದು ಮಣ್ಣಿಗೆ ಸೇರಿಸಿಬಿಟ್ಟರು. ಸಿಂಧು ಆ ದಿನ ಮನೆಗೆ ಮಗ್ಗು ತರಲಿಲ್ಲ. ತನ್ನದನ್ನೂ ಕತ್ತರಿಸಿ ನೋಡಿದಳಂತೆ. ಹದಿನಾಲ್ಕನೆಯ ಶನಿವಾರದ ಕುಡಿಕೆಯನ್ನು ಅತ್ತೆ ಕತ್ತರಿಸಲಿಲ್ಲ. ಬಹಳ ಹೊತ್ತು ನೋಡಿ, ಒಣಗುವ ಹಲಗೆಯ ಮೇಲೆ ತಾವೇ ಇಟ್ಟು ಬಂದು, ಮೆಟ್ರೋದಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತರು.

ಈಗ ಅತ್ತೆಗೆ ಪ್ಯಾಕೆಟ್ಟಿನಲ್ಲಿ ಬರುವ ಸ್ಟುಡಿಯೋದ ಮಣ್ಣು ಸರಿಬರುತ್ತಿಲ್ಲ. ಅದಕ್ಕೆ ಜೀವವಿಲ್ಲವಂತೆ. ಹೋದ ವಾರ ಉತ್ತಮ್ ನಗರದ ತಮ್ಮ ಗೆಳತಿಯರಿಂದ ಎರಡು ಚೀಲ ಮಣ್ಣು ಹೊರಿಸಿಕೊಂಡು ಆಟೋದಲ್ಲಿ ನೇರ ನಮ್ಮ ಸೊಸೈಟಿಗೇ ಬಂದಿಳಿದರು. ತಾರಸಿಯ ಮೇಲೆ ಹಳೆಯ ಟಾರ್ಪಾಲಿನ್ ಹಾಸಿಸಿದರು. ಮಣ್ಣು ಜರಡಿ ಹಿಡಿದು, ನೀರು ಹಾಕಿ ನೆನೆಸಿದರು. ಮರುದಿನ ಬೆಳಿಗ್ಗೆ ನನ್ನನ್ನು ಮೇಲಕ್ಕೆ ಕರೆದರು.

"ನನ್ನ ಮಂಡಿ ಇನ್ನು ಕೇಳಲ್ಲ ಕಣೋ ಮಂಜ. ಪ್ಯಾಂಟು ಮಡಿಸು."

ನಾನು ಮಡಿಸಿದೆ. ಮಣ್ಣು ಹಿಮದ ಹಾಗೆ ತಣ್ಣಗಿತ್ತು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ದೂರು ಹೋಗಿರಬೇಕು, ಗುಪ್ತಾಜಿ ಮೆಟ್ಟಿಲು ಹತ್ತಿ ಬಂದರು. ಮೊಣಕಾಲಿನವರೆಗೆ ಕೆಸರಾಗಿ, ಮುದುಕಿಯೊಬ್ಬಳ ಮುಂದೆ ಕುಣಿಯುತ್ತಿರುವ ನಿವೃತ್ತ ಅಧಿಕಾರಿಯನ್ನು ನೋಡಿ ಬಾಗಿಲಲ್ಲೇ ನಿಂತರು. ತಾರಸಿಯ ಬಳಕೆಗೆ ಸಮಿತಿಯ ಅನುಮತಿ ಬೇಕು ಎಂದು ಶುರು ಮಾಡಿದರು. ನಾನು ನಿಂತು ಉತ್ತರ ಕೊಡಲು ಬಾಯಿ ತೆರೆದೆ. ನಿಯಮಾವಳಿಯ ಎರಡು ಉಪನಿಯಮಗಳು ನನ್ನ ನಾಲಿಗೆಯ ತುದಿಯಲ್ಲಿದ್ದವು.

"ನಿಲ್ಲಬೇಡ," ಎಂದರು ಗೌರತ್ತೆ. ಗುಪ್ತಾಜಿಯ ಕಡೆ ತಿರುಗಿಯೂ ನೋಡಲಿಲ್ಲ. ಅವರ ಕಣ್ಣು ನನ್ನ ಕಾಲಿನ ಮೇಲಿತ್ತು. "ಬೆರಳಲ್ಲಿ ಆಡ್ತಾ ಇದ್ದೀಯ. ಹಿಮ್ಮಡಿ ಊರು."

ನಾನು ಹಿಮ್ಮಡಿ ಊರಿದೆ.